ಭಾರ ಎತ್ತುವವರ ಹೆಗಲುನೋವು: ಗುರುತಿಸುವುದರಿಂದ ಮತ್ತೆ ಬಾರ್ ಹಿಡಿಯುವವರೆಗೆ

ಬೆಂಚಿನ ಮೇಲೆ ಮಲಗಿ ಭಾರದ ಬಾರ್ ಅನ್ನು ಎದೆಯಿಂದ ಮೇಲಕ್ಕೆ ಒತ್ತುವ ಬೆಂಚ್ ಪ್ರೆಸ್ ಮಾಡುವಾಗ ಬಲ ಹೆಗಲಿನಲ್ಲಿ ಸೂಜಿ ಚುಚ್ಚಿದಂತಾದ ದಿನ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೋಲಾರದ ಒಂದು ಸಣ್ಣ ಜಿಮ್‌ನಲ್ಲಿ ವರ್ಷದಿಂದ ಅಭ್ಯಾಸ ಮಾಡುತ್ತಿದ್ದ ನಾನು, ಯುಗಾದಿಯ ನೆಪದಲ್ಲಿ ಮೂರು ವಾರ ಬಿಟ್ಟು, ಮರಳಿದ ದಿನವೇ ಬಿಟ್ಟುಹೋದ ತೂಕವನ್ನು ಹಿಡಿದದ್ದಲ್ಲದೆ ಅದರ ಮೇಲೆ ಐದು ಕೆ.ಜಿ. ಸೇರಿಸಿದ್ದೆ. ಪಕ್ಕದಲ್ಲಿ ನಿಂತಿದ್ದ ತರಬೇತುದಾರರು ‘ಎತ್ತಿ ಸಾರ್, ನೋವಿದ್ದರೇ ಬೆಳೆಯೋದು’ ಎಂದರು, ನಾನೂ ಎತ್ತಿದೆ. ತಿಂಗಳೊಳಗೆ ಕರಿಹಲಗೆಯ ಮೇಲಂಚಿನಲ್ಲಿ ತಾರೀಖು ಬರೆಯಲಾಗದೆ, ತರಗತಿಯ ಎತ್ತರದ ಹುಡುಗನ ಕೈಗೆ ಸೀಮೆಸುಣ್ಣ ಕೊಡುವ ಸ್ಥಿತಿಗೆ ಬಂದೆ. ಆಮೇಲೆ ಭಯಬಿದ್ದು ಎರಡು ತಿಂಗಳು ಏನನ್ನೂ ಮುಟ್ಟದೆ ಕುಳಿತೆ. ನೋವು ಹೋಯಿತು, ಆದರೆ ಜಿಮ್‌ಗೆ ಮರಳಿದ ವಾರವೇ ಅದೂ ಮರಳಿತು.

ನಾನು ವೈದ್ಯನಲ್ಲ, ಗಣಿತ ಕಲಿಸುವ ಮೇಷ್ಟ್ರು. ಫಿಸಿಯೋಥೆರಪಿಯ ಮೇಜಿನ ಮೇಲೆ ಕುಳಿತು ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಭಾರ ಎತ್ತುವವರ ಹೆಗಲುನೋವು ಬಹುತೇಕ ಸಂದರ್ಭಗಳಲ್ಲಿ ಲೆಕ್ಕ ತಪ್ಪಿದ್ದರ ಫಲ ಎಂಬುದು ನನ್ನ ತಿಳಿವಳಿಕೆ: ಹೆಗಲು ಹೊರಬಲ್ಲದ್ದಕ್ಕಿಂತ ಹೆಚ್ಚಿನದನ್ನು, ಅದು ಒಗ್ಗಿಕೊಳ್ಳುವ ವೇಗಕ್ಕಿಂತ ಬೇಗ ಹೊರಿಸಿರುತ್ತೇವೆ. ನೋವನ್ನು ಕಡೆಗಣಿಸಿ ಎತ್ತುವುದೂ ಪೂರ್ತಿ ಬಿಟ್ಟು ಕೂರುವುದೂ ಆ ಲೆಕ್ಕವನ್ನು ಸರಿಪಡಿಸುವುದಿಲ್ಲ.

ಮೊದಲ ಹೆಜ್ಜೆ: ಕಾಯಬಾರದ ಲಕ್ಷಣಗಳನ್ನು ಪ್ರತ್ಯೇಕಿಸಿ

ಎಡ ಹೆಗಲಿನ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ, ದವಡೆಗೆ ಹರಡುವ ನೋವು ಇದ್ದರೆ ಅದು ಹೃದಯದ ವಿಷಯವಾಗಿರಬಹುದು. ಎಣ್ಣೆ ತಿಕ್ಕುತ್ತ ಕೂರದೆ ಆಗಲೇ 108ಕ್ಕೆ ಕರೆ ಮಾಡಬೇಕು. ಬಿದ್ದಾಗ ಅಥವಾ ಭಾರ ಜಾರಿದಾಗ ‘ಟಪ್’ ಎಂಬ ಸದ್ದಾಗಿ ಕೈ ಎತ್ತಲಾಗದೇ ಹೋದರೆ, ಹೆಗಲಿನ ಆಕಾರವೇ ಬದಲಾಗಿ ಕಂಡರೆ, ಬೆಂಚ್ ಪ್ರೆಸ್‌ನಲ್ಲಿ ಎದೆಯ ಸ್ನಾಯು ಕಿತ್ತಂತಾಗಿ ಕಂಕುಳ ಬಳಿ ಕಪ್ಪುನೀಲಿ ಕಲೆ ಮೂಡಿದರೆ, ಅದೇ ದಿನ ಮೂಳೆ ತಜ್ಞರನ್ನು ಕಾಣಬೇಕು. ಕಿತ್ತುಹೋದ ಸ್ನಾಯುರಜ್ಜುಗಳಿಗೆ (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಗಳಿಗೆ) ಶಸ್ತ್ರಚಿಕಿತ್ಸೆ ಬೇಕಾದರೆ ಅದು ಬೇಗ ಆದಷ್ಟೂ ಒಳ್ಳೆಯದು. ಜ್ವರದೊಂದಿಗೆ ಕೀಲು ಕೆಂಪಾಗಿ ಬಿಸಿಯಾಗುವುದು, ಕೈಗೆ ಜೋಮು ಹಿಡಿದು ಹಿಡಿತ ಸಡಿಲವಾಗುವುದು, ಮಲಗಿದರೂ ಎದ್ದರೂ ಒಂದೇ ಸಮನೆ ಕಾಡುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇವೂ ಮನೆಯಲ್ಲಿ ನೋಡಿಕೊಳ್ಳುವ ಸಂಗತಿಗಳಲ್ಲ. ಕೋಲಾರದ ಸುತ್ತಮುತ್ತಲಿನವರಿಗೆ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯೂ ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಹತ್ತಿರದಲ್ಲೇ ಇವೆ.

ಎರಡನೆಯ ಹೆಜ್ಜೆ: ನೋಯುತ್ತಿರುವುದು ಯಾವುದು ಎಂದು ತಿಳಿಯಿರಿ

ಶಾಲೆಯ ಆಟದ ದಿನ ಮಕ್ಕಳು ಬಾಯಲ್ಲಿ ಚಮಚ ಕಚ್ಚಿ, ಅದರ ಮೇಲೆ ನಿಂಬೆಹಣ್ಣಿಟ್ಟು ಓಡುತ್ತಾರಲ್ಲ, ಹೆಗಲಿನ ಕೀಲೂ ಹೆಚ್ಚುಕಡಿಮೆ ಹಾಗೆಯೇ ಇದೆ. ತೋಳಿನ ಮೂಳೆಯ ದುಂಡುತಲೆ ನಿಂಬೆಹಣ್ಣು. ಹೆಗಲ ಹಲಗೆಯ (ಬೆನ್ನ ಮೇಲ್ಬದಿಯ ಚಪ್ಪಟೆ ಮೂಳೆಯ) ಅಂಚಿನಲ್ಲಿರುವ ಆಳವಿಲ್ಲದ ಕುಳಿ ಚಮಚ. ಸೊಂಟದ ಕೀಲಿಗಿರುವಂಥ ಆಳವಾದ ಬಟ್ಟಲು ಇಲ್ಲಿಲ್ಲದ್ದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗಬಲ್ಲದು, ಅದರಿಂದಲೇ ಜಾರುವ ಅಪಾಯವೂ ಇದೆ. ಹಣ್ಣು ವಾಲಿದತ್ತ ಮಕ್ಕಳು ಚಮಚವನ್ನೂ ವಾಲಿಸುವಂತೆ, ಕೈ ಮೇಲೇರಿದಂತೆ ಹೆಗಲ ಹಲಗೆಯೂ ತಿರುಗುತ್ತದೆ: ಕೈಯನ್ನು ಪೂರ್ತಿ 180 ಡಿಗ್ರಿ ಎತ್ತಿದಾಗ ಸುಮಾರು 120 ಡಿಗ್ರಿ ಕೀಲಿನಿಂದಲೂ ಉಳಿದ 60 ಡಿಗ್ರಿ ಹಲಗೆಯ ಚಲನೆಯಿಂದಲೂ ಬರುತ್ತದೆ. ಹಣ್ಣನ್ನು ಚಮಚದ ನಡುವೆ ಒತ್ತಿ ಹಿಡಿಯುವ ಕೆಲಸ ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳದು. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್ ಎಂಬ ಈ ನಾಲ್ವರು ಕನ್ನಡಿಯಲ್ಲಿ ಕಾಣುವವರಲ್ಲ. ಆದ್ದರಿಂದಲೇ ಜಿಮ್‌ನಲ್ಲಿ ಅವರನ್ನು ಯಾರೂ ವಿಚಾರಿಸುವುದಿಲ್ಲ.

ಈ ಸ್ನಾಯುರಜ್ಜುಗಳ ಮೇಲೆ ಸೂರಿನಂತೆ ಅಕ್ರೋಮಿಯನ್ ಎಂಬ ಮೂಳೆಯ ಚಾಚು ಇದೆ, ನಡುವೆ ಬರ್ಸಾ ಎಂಬ ತೆಳುವಾದ ದ್ರವದ ಚೀಲ. ಸೂರು ರಜ್ಜುವನ್ನು ಉಜ್ಜಿ ಸವೆಸುವುದರಿಂದಲೇ ನೋವು ಬರುತ್ತದೆ ಎಂದು 1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ ಪ್ರತಿಪಾದಿಸಿದರು. ಸೂರಿನ ತಳವನ್ನು ಕೆರೆದು ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ದಶಕಗಳ ಕಾಲ ನಡೆಯಿತು. ಆದರೆ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ನಿಜವಾಗಿ ಮೂಳೆ ಕೆರೆಸಿಕೊಂಡವರಿಗೂ ಒಳಗೆ ನೋಡಿ ಏನೂ ಕೆರೆಯದೆ ಮುಚ್ಚಿದವರಿಗೂ ಫಲಿತಾಂಶದಲ್ಲಿ ಗಣನೀಯ ಅಂತರವಿಲ್ಲವೆಂದು ತೋರಿಸಿತು. ‘ಮೂಳೆ ಉಜ್ಜುತ್ತಿದೆ, ಇನ್ನು ಕೈ ಎತ್ತಲೇಬೇಡಿ’ ಎಂದು ಯಾರಾದರೂ ಹೆದರಿಸಿದರೆ ಇದನ್ನು ನೆನಪಿಡುವುದು ಒಳ್ಳೆಯದು.

ಈಗ ನೋವಿನ ಜಾಗವನ್ನು ಒಂದು ಬೆರಳಿನಿಂದ ತೋರಿಸಲು ಪ್ರಯತ್ನಿಸಿ. ಬೆರಳು ನಿಲ್ಲದೆ ಅಂಗೈಯಿಂದಲೇ ರಟ್ಟೆಯ ಹೊರಬದಿಯನ್ನು ಸವರಿ ತೋರಿಸುವಂತಿದ್ದು, ಕೈಯನ್ನು ಪಕ್ಕದಿಂದ ಎತ್ತುವಾಗ 60ರಿಂದ 120 ಡಿಗ್ರಿಯ ನಡುವೆ ಮಾತ್ರ ಹೆಚ್ಚು ನೋಯುತ್ತಿದ್ದರೆ, ರಾತ್ರಿ ಅದೇ ಮಗ್ಗುಲಿಗೆ ಹೊರಳಿದಾಗ ಎಚ್ಚರವಾಗುತ್ತಿದ್ದರೆ, ತೊಂದರೆ ಬಹುಶಃ ರೊಟೇಟರ್ ಕಫ್‌ನದು. ನನ್ನದು ಇದೇ ಬಗೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದೂ ಇದೇ. ಕೊರಳೆಲುಬು ಮುಗಿಯುವ ಹೆಗಲ ಮೇಲ್ತುದಿಯಲ್ಲೇ ಬೆರಳು ನಿಂತು, ಕೈಯನ್ನು ಎದೆಗೆ ಅಡ್ಡಲಾಗಿ ಎಳೆದು ಇನ್ನೊಂದು ಹೆಗಲನ್ನು ಮುಟ್ಟಿದಾಗ ನೋವು ಹೆಚ್ಚಾದರೆ, ಅದು ಕೊರಳೆಲುಬಿನ ತುದಿಯ ಎಸಿ ಕೀಲು. ವರ್ಷಗಟ್ಟಲೆ ಬೆಂಚ್ ಪ್ರೆಸ್ ಮತ್ತು ಡಿಪ್ಸ್ (ಎರಡು ಸರಳುಗಳ ಮೇಲೆ ಕೈಯೂರಿ ಮೈಯನ್ನು ಇಳಿಸಿ ಎತ್ತುವುದು) ಮಾಡಿದವರಲ್ಲಿ ಅಲ್ಲಿನ ಮೂಳೆಯ ತುದಿಯೇ ಕರಗುವುದುಂಟು. ಹೆಗಲಿನ ಮುಂಭಾಗದ ತೋಡಿನಲ್ಲಿ ಒತ್ತಿದರೆ ನೋಯುವುದು ಬೈಸೆಪ್ಸ್‌ನ ಉದ್ದ ರಜ್ಜು. ಆಳದಲ್ಲಿ ‘ಕಟಕ್’ ಎಂದು ಸಿಕ್ಕಿಕೊಂಡಂತಾಗುವುದು, ಕೈ ಹಿಂದಕ್ಕೆ ಹೋದಾಗ ಕೀಲು ಜಾರಿಯೇಬಿಡುತ್ತದೆ ಎನಿಸುವುದು ಕುಳಿಯ ಸುತ್ತಲಿನ ಲೇಬ್ರಮ್ ಎಂಬ ಅಂಚುಪಟ್ಟಿಯ ಕಡೆಗೆ ಬೊಟ್ಟುಮಾಡುತ್ತದೆ. ಇಂಥವರು ಮುಂದಿನ ಹೆಜ್ಜೆಗಳಿಗೆ ಮೊದಲು ತಜ್ಞರನ್ನು ಕಾಣುವುದು ಉಚಿತ. ನೋವು ಮೊಣಕೈ ದಾಟಿ ಬೆರಳಿಗೆ ಇಳಿಯುತ್ತಿದ್ದರೆ, ಕತ್ತು ತಿರುಗಿಸಿದಾಗ ಹೆಚ್ಚುತ್ತಿದ್ದರೆ, ಮೂಲ ಕತ್ತಿನಲ್ಲಿರಬಹುದು.

ನಲವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು, ಒಂದು ಪರೀಕ್ಷೆಯನ್ನು ತಪ್ಪದೆ ಮಾಡಿಕೊಳ್ಳಬೇಕು. ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಚಿ, ಮುಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ನೋಯುವ ಕಡೆ ಅರ್ಧಕ್ಕೇ ನಿಂತು, ಮನೆಯವರು ಮೆಲ್ಲಗೆ ತಳ್ಳಿದರೂ ಮುಂದೆ ಹೋಗದಿದ್ದರೆ ಅದು ಕೀಲಿನ ಹೊದಿಕೆಯೇ ಬಿಗಿದ ಫ್ರೋಜನ್ ಶೋಲ್ಡರ್ ಆಗಿರಬಹುದು. ಅದರ ದಾರಿಯೇ ಬೇರೆ, ಅದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ವ್ಯವಹಾರ. ಅದಕ್ಕೆ ವೈದ್ಯರ ಸಲಹೆ ಬೇಕೇ ಬೇಕು.

ಮೊದಲೇ ಎಂಆರ್‌ಐ ಮಾಡಿಸಬೇಕೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನೋವೇ ಇಲ್ಲದವರ ಹೆಗಲಿನಲ್ಲೂ, ವಯಸ್ಸಾದಂತೆಲ್ಲ, ರಜ್ಜು ಅಲ್ಲಲ್ಲಿ ಸಣ್ಣಗೆ ಹರಿದಿರುವುದು ಸ್ಕ್ಯಾನ್‌ನಲ್ಲಿ ಕಾಣುವುದು ಸಾಮಾನ್ಯ. ಆದ್ದರಿಂದ ಪೆಟ್ಟುಬಿದ್ದ ಇತಿಹಾಸವಿಲ್ಲದಿದ್ದರೆ, ಮೊದಲು ಆರರಿಂದ ಹನ್ನೆರಡು ವಾರ ಸರಿಯಾದ ವ್ಯಾಯಾಮ ಮಾಡಿ, ಸುಧಾರಿಸದಿದ್ದರೆ ಮಾತ್ರ ಸ್ಕ್ಯಾನ್ ಮಾಡಿಸುವುದು ಜೇಬಿಗೂ ಮನಸ್ಸಿಗೂ ಹಿತ.

ಮೂರನೆಯ ಹೆಜ್ಜೆ: ಮೊದಲ ಎರಡು ವಾರ ನೋವನ್ನು ಇಳಿಸಿ, ಹೆಗಲನ್ನು ನಿಲ್ಲಿಸಬೇಡಿ

ಒಂದು ಸಣ್ಣ ನೋಟ್‌ಪುಸ್ತಕ ಇಟ್ಟುಕೊಳ್ಳಿ. ನೋವಿಲ್ಲದ್ದು ಸೊನ್ನೆ, ಸಹಿಸಲಾಗದ್ದು ಹತ್ತು ಎಂದಿಟ್ಟುಕೊಂಡು ಪ್ರತಿ ವ್ಯಾಯಾಮಕ್ಕೂ ಒಂದು ಅಂಕ ಬರೆಯಿರಿ. ಮಾಡುವಾಗ ಮೂರರವರೆಗಿನ ನೋವು ಸರಿ, ಆದರೆ ಅದು ಮರುದಿನ ಬೆಳಗ್ಗೆ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತೆಂದು ಅರ್ಥ. ಮುಂದಿನ ಮೂರು ತಿಂಗಳೂ ಇದೇ ನಿಯಮ. ವಾರದ ಕೊನೆಯಲ್ಲಿ ಅಂಕಗಳನ್ನು ಒಟ್ಟಿಗೆ ನೋಡಿದರೆ ನೆನಪು ಹೇಳುವ ಸುಳ್ಳುಗಳು ಗೊತ್ತಾಗುತ್ತವೆ: ಹೆಗಲು ಕೆಟ್ಟಿದ್ದು ಬೆಂಚ್‌ನಿಂದ ಎಂದು ನಾನು ನಂಬಿದ್ದೆ, ಪುಸ್ತಕ ಮಾತ್ರ ಪ್ರತಿ ಬುಧವಾರದ ಡಿಪ್ಸ್ ಅನ್ನು ತೋರಿಸಿತು.

ಈ ಅವಧಿಯಲ್ಲಿ ತಲೆಯ ಮೇಲೆ ಭಾರ ಎತ್ತುವುದನ್ನೂ ಡಿಪ್ಸ್ ಅನ್ನೂ ನಿಲ್ಲಿಸಿ. ಬೆಂಚ್ ಪ್ರೆಸ್ ಬದಲು ನೆಲದ ಮೇಲೆ ಮಲಗಿ, ಅಂಗೈಗಳು ಎದುರುಬದುರಾಗುವಂತೆ ಡಂಬೆಲ್ ಹಿಡಿದು ಒತ್ತಿ. ಮೊಣಕೈ ನೆಲಕ್ಕೆ ತಾಗಿ ನಿಲ್ಲುವುದರಿಂದ ಹೆಗಲು ಅತಿಯಾಗಿ ಹಿಂದಕ್ಕೆ ಎಳೆಯಲ್ಪಡುವುದಿಲ್ಲ. ಕಾಲಿನ ವ್ಯಾಯಾಮ ಬಿಡಬೇಕಿಲ್ಲ, ಆದರೆ ಸ್ಕ್ವಾಟ್‌ನಲ್ಲಿ ಬಾರ್ ಅನ್ನು ಬೆನ್ನ ಮೇಲೆ ಹಿಡಿಯುವ ಭಂಗಿಯೇ ಹೆಗಲನ್ನು ಕೆರಳಿಸುವುದರಿಂದ ಒಂದು ಡಂಬೆಲ್ ಅನ್ನು ಎದೆಗೆ ಅಪ್ಪಿಕೊಂಡು ಕುಳಿತೇಳಿ.

ದಿನಕ್ಕೆರಡು ಸಲ ಚೌಕಟ್ಟಿನ ವ್ಯಾಯಾಮ ಮಾಡಿ. ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಮೊಣಕೈ ಮಡಚಿ ಪಕ್ಕೆಗಿಟ್ಟು, ಮುಂಗೈಯ ಹಿಂಬದಿಯನ್ನು ಚೌಕಟ್ಟಿಗೆ ಒತ್ತಿ 30ರಿಂದ 45 ಸೆಕೆಂಡು ಹಿಡಿಯಿರಿ. ಕೈ ಕದಲಬಾರದು, ಬಲ ಅರ್ಧದಷ್ಟು ಸಾಕು. ನಾಲ್ಕೈದು ಸಲ ಹೀಗೆ ಮಾಡಿದರೆ ಹಲವರಿಗೆ ಆ ಹೊತ್ತಿನ ನೋವೂ ತಗ್ಗುತ್ತದೆ. ಐಸ್ ಇರಲಿ ಬಿಸಿನೀರಿನ ಚೀಲವಿರಲಿ, ಯಾವುದು ಹಿತವೋ ಅದು, ಎರಡೂ ಗುಣಪಡಿಸುವುದಿಲ್ಲ. ಮಲಗುವಾಗ ನೋವಿಲ್ಲದ ಮಗ್ಗುಲಿಗೆ ತಿರುಗಿ, ನೋಯುವ ಕೈಯ ಕೆಳಗೆ ದಿಂಬಿಟ್ಟು, ತೋಳು ಎದೆಯ ಮೇಲೆ ಜೋತುಬೀಳದಂತೆ ನೋಡಿಕೊಳ್ಳಿ. ಬಂಗಾರಪೇಟೆಯಿಂದಲೋ ಮಾಲೂರಿನಿಂದಲೋ ದಿನವೂ ರೈಲಿನಲ್ಲಿ ಬೆಂಗಳೂರಿಗೆ ನಿಂತು ಹೋಗುವವರು ಮೇಲಿನ ಹಿಡಿಕೆಗೆ ನೋಯುವ ಕೈ ಹಾಕಬೇಡಿ. ಜಿಮ್‌ನಲ್ಲಿ ಮಾಡಿದ ಉಪಕಾರವನ್ನು ಆ ಒಂದು ಗಂಟೆ ಅಳಿಸಿಹಾಕುತ್ತದೆ.

ನಾಲ್ಕನೆಯ ಹೆಜ್ಜೆ: ಹೆಗಲನ್ನು ಮರಳಿ ಕಟ್ಟುವುದು

ಇಡೀ ಮಾರ್ಗದರ್ಶಿಯ ತಿರುಳು ಇಲ್ಲಿದೆ, ಜನ ಹೆಚ್ಚಾಗಿ ಹಾರಿಸುವುದೂ ಇದನ್ನೇ. ರಜ್ಜುಗಳಿಗೆ ರಕ್ತ ಸಂಚಾರ ಸ್ನಾಯುಗಳಿಗಿಂತ ಕಡಿಮೆ, ಅವು ಬಲಗೊಳ್ಳುವುದೂ ನಿಧಾನ. ಹಾಗಾಗಿ ಹನ್ನೆರಡು ವಾರ ಎಂಬುದು ಉತ್ಪ್ರೇಕ್ಷೆಯಲ್ಲ. ನಮ್ಮ ಜಿಲ್ಲೆಯ ರೈತರಿಗೆ ಹನಿ ನೀರಾವರಿಯ ಮರ್ಮವನ್ನು ಯಾರೂ ಹೇಳಿಕೊಡಬೇಕಿಲ್ಲ: ಒಂದು ತಿಂಗಳ ನೀರನ್ನು ಒಂದೇ ದಿನ ಹಾಯಿಸಿದರೆ ಗಿಡ ಕೊಳೆಯುತ್ತದೆ, ನಿಲ್ಲಿಸಿದರೆ ಒಣಗುತ್ತದೆ. ಹೆಗಲಿಗೆ ಭಾರವನ್ನು ಉಣಿಸಬೇಕಾದದ್ದೂ ಹಾಗೆಯೇ.

ಸಾಮಾನಿಗೆ ಹಣ ಸುರಿಯಬೇಡಿ. ನಾನು ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬ್ ತಂದು, ಸೋಪು ಹಾಕಿ ತೊಳೆದು, ವಾಲ್ವ್ ಇರುವ ತುಂಡನ್ನು ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಉದ್ದುದ್ದವಾಗಿ ಎರಡು ಪಟ್ಟಿ ಮಾಡಿಕೊಂಡೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಸೊಂಟದ ಎತ್ತರದಲ್ಲಿ ಕಟ್ಟಿ, ಇನ್ನೊಂದು ತುದಿಗೆ ಗಂಟು ಹಾಕಿ ಹಿಡಿಕೆ ಮಾಡಿದೆ. ಕಿಟಕಿಗೆ ಪಕ್ಕವಾಗಿ, ನೋಯುವ ಹೆಗಲು ಕಿಟಕಿಯಿಂದ ದೂರದ ಕಡೆಗಿರುವಂತೆ ನಿಂತು, ಮೊಣಕೈಗೂ ಪಕ್ಕೆಗೂ ನಡುವೆ ಮಡಚಿದ ಟವೆಲ್ ಸಿಕ್ಕಿಸಿ, ಹೊಟ್ಟೆಯ ಮುಂದಿರುವ ಮುಷ್ಟಿಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಬೇಕು. ಒಂದು ಕ್ಷಣ ನಿಂತು, ಮೂರು ಎಣಿಸುತ್ತ ಮರಳಬೇಕು. ಟವೆಲ್ ಕೆಳಗೆ ಬಿದ್ದರೆ ಮೊಣಕೈ ಮೋಸ ಮಾಡಿತೆಂದು ಲೆಕ್ಕ. ಮೊದಲ ದಿನ ನನ್ನ ಟವೆಲ್ ಹನ್ನೆರಡರಲ್ಲಿ ಏಳು ಸಲ ಬಿತ್ತು. ಪಟ್ಟಿ ಚಟ್ಟನೆ ಕಿತ್ತು ಮುಖಕ್ಕೆ ಬಡಿಯದಂತೆ ಪ್ರತಿ ಸಲವೂ ಬಿರುಕಿದೆಯೇ ಎಂದು ನೋಡಿಕೊಳ್ಳಿ.

ಎರಡನೆಯದು ಗೋಡೆಗೆ ದಂಡ. ಗೋಡೆಗೆ ಅಂಗೈಯೂರಿ ದಂಡ ಹೊಡೆದು, ಕೈ ನೇರವಾದ ಮೇಲೂ ಇನ್ನೊಂದಿಷ್ಟು ತಳ್ಳಿ ಬೆನ್ನ ಮೇಲ್ಭಾಗವನ್ನು ದುಂಡಗೆ ಮಾಡಬೇಕು. ಆ ಕೊನೆಯ ತಳ್ಳುವಿಕೆಯೇ ಮುಖ್ಯ, ಏಕೆಂದರೆ ಹೆಗಲ ಹಲಗೆಯನ್ನು ಪಕ್ಕೆಲುಬಿಗೆ ಅಂಟಿಸಿಡುವ ಸೆರೇಟಸ್ ಸ್ನಾಯು ಆಗಲೇ ದುಡಿಯುವುದು. ಮೂರನೆಯದು ಎಳೆಯುವ ವ್ಯಾಯಾಮ: ಮಂಚದ ಮೇಲೆ ಒಂದು ಕೈಯೂರಿ ಬಗ್ಗಿ, ಇನ್ನೊಂದು ಕೈಯಲ್ಲಿ ಭಾರದ ಚೀಲ ಹಿಡಿದು ಮೊಣಕೈಯನ್ನು ಸೊಂಟದ ಕಡೆಗೆ ಎಳೆಯಬೇಕು.

ನಾಲ್ಕನೆಯದಕ್ಕೆ ಒಂದು ಲೀಟರಿನ ನೀರಿನ ಬಾಟಲಿ ಬೇಕು. ಕೈಯನ್ನು ನೇರ ಮುಂದಕ್ಕೂ ಅಲ್ಲ, ನೇರ ಪಕ್ಕಕ್ಕೂ ಅಲ್ಲ, ಪಕ್ಕದಿಂದ 30 ಡಿಗ್ರಿಯಷ್ಟು ಮುಂದಕ್ಕೆ ತಂದು, ಹೆಬ್ಬೆರಳು ಮೇಲಿರುವಂತೆ ಹೆಗಲ ಎತ್ತರಕ್ಕೆ ಎತ್ತಬೇಕು. ಹೆಗಲ ಹಲಗೆ ಬೆನ್ನ ಮೇಲೆ ಕುಳಿತಿರುವ ಓರೆಯೇ ಅದು. ಮೊದಲ ವಾರ ಖಾಲಿ ಕೈ, ಎರಡನೆಯ ವಾರ ಕಾಲು ಬಾಟಲಿ ನೀರು, ಆಮೇಲೆ ಅರ್ಧ. ನೀರು ಲೀಟರಿಗೆ ಒಂದು ಕೆ.ಜಿ. ತೂಗುವುದರಿಂದ ಭಾರವನ್ನು ಗ್ರಾಂ ಲೆಕ್ಕದಲ್ಲಿ ಏರಿಸಬಹುದು, ಯಾವ ಜಿಮ್‌ನಲ್ಲೂ ಇಷ್ಟು ಸಣ್ಣ ಮೆಟ್ಟಿಲು ಸಿಗುವುದಿಲ್ಲ.

ಈ ನಾಲ್ಕನ್ನೂ ವಾರಕ್ಕೆ ಮೂರು ದಿನ, 12ರಿಂದ 15 ಸಲದಂತೆ ಮೂರು ಸೆಟ್ ಮಾಡಿ. ಮೂರೂ ಸೆಟ್ಟಿನಲ್ಲಿ 15 ಸಲ ಸಲೀಸಾಗಿ, ಮೂರು ಅಂಕದೊಳಗಿನ ನೋವಿನಲ್ಲಿ ಮುಗಿದರೆ ಮಾತ್ರ ಭಾರ ಏರಿಸಿ. ಆರನೆಯ ವಾರದ ಹೊತ್ತಿಗೆ ಗೋಡೆಯ ದಂಡ ಮೇಜಿನ ಅಂಚಿಗೆ, ಅಲ್ಲಿಂದ ನೆಲಕ್ಕೆ ಇಳಿದಿರಬೇಕು.

ಐದನೆಯ ಹೆಜ್ಜೆ: ಬಾರ್‌ಗೆ ಮರಳುವುದು

ನೆಲದ ಮೇಲೆ ಹದಿನೈದು ದಂಡ ನೋವಿಲ್ಲದೆ ಬಂದಮೇಲೆ ಬೆಂಚಿಗೆ ಹೋಗಿ. ಮೊದಲು ಖಾಲಿ ಬಾರ್ ಅನ್ನು ತೂಗಿಸಿ ನೋಡಿ. ಪುರುಷರ ಒಲಿಂಪಿಕ್ ಬಾರ್ 20 ಕೆ.ಜಿ. ಇರುತ್ತದೆ, ಸಣ್ಣ ಊರುಗಳ ಜಿಮ್‌ಗಳಲ್ಲಿರುವ ಎಲ್ಲ ಬಾರ್‌ಗಳೂ ಅಷ್ಟಿರುವುದಿಲ್ಲ, ಅಡಿಪಾಯವೇ ತಪ್ಪಿದರೆ ಮುಂದಿನ ಕೂಡಿಕೆಯೆಲ್ಲ ತಪ್ಪು. ನೋವು ಬರುವ ಮುಂಚೆ ಎತ್ತುತ್ತಿದ್ದ ತೂಕದ ಅರ್ಧದಿಂದ ಆರಂಭಿಸಿ, ವಾರಕ್ಕೆ ಎರಡೂವರೆ ಕೆ.ಜಿ.ಗಿಂತ ಹೆಚ್ಚು ಸೇರಿಸಬೇಡಿ. ಹಿಡಿತ ಹೆಗಲಿನ ಅಗಲದ ಒಂದೂವರೆ ಪಟ್ಟು ಮೀರದಿರಲಿ, ಹೆಗಲ ಹಲಗೆಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಬೆಂಚಿಗೆ ಒತ್ತಿರಿ. ಮೊಣಕೈಗಳು ದೇಹಕ್ಕೆ ಶಿಲುಬೆಯಂತೆ 90 ಡಿಗ್ರಿಗೆ ಚಾಚದೆ 45ರಿಂದ 60 ಡಿಗ್ರಿಯೊಳಗೆ ಇರಲಿ, ಬಾರ್ ಕೊರಳ ಕಡೆಗಲ್ಲ, ಎದೆಯ ಕೆಳಭಾಗಕ್ಕೆ ಇಳಿಯಲಿ. ಒತ್ತುವ ಸೆಟ್‌ಗಳಿಗಿಂತ ಎಳೆಯುವ ಸೆಟ್‌ಗಳು ಕಡಿಮೆಯಾಗದಂತೆ ನೋಡಿಕೊಳ್ಳಿ.

ತಲೆಯ ಮೇಲೆ ಎತ್ತುವುದು ಎಲ್ಲಕ್ಕಿಂತ ಕೊನೆಗೆ. ಬಾರ್‌ನ ಒಂದು ತುದಿಯನ್ನು ಗೋಡೆಯ ಮೂಲೆಗೆ ಬಟ್ಟೆ ಕಟ್ಟಿ ಊರಿ, ಇನ್ನೊಂದು ತುದಿಯನ್ನು ಒಂದೇ ಕೈಯಿಂದ ಓರೆಯಾಗಿ ಮೇಲಕ್ಕೆ ತಳ್ಳುವುದು ಒಳ್ಳೆಯ ಸೇತುವೆ. ಒಂದು ತಿಂಗಳು ಅದು ತೊಂದರೆ ಕೊಡದಿದ್ದರೆ ಡಂಬೆಲ್, ಅದರ ಬಳಿಕ ಬಾರ್. ಕತ್ತಿನ ಹಿಂದೆ ಬಾರ್ ಇಳಿಸುವ ಪ್ರೆಸ್, ನಿಂತು ಬಾರ್ ಅನ್ನು ಗದ್ದದತ್ತ ಎಳೆಯುವಾಗ ಮೊಣಕೈ ಹೆಗಲಿಗಿಂತ ಮೇಲೆ ಹೋಗುವ ಅಪ್‌ರೈಟ್ ರೋ, ಹೆಗಲು ಮೊಣಕೈಗಿಂತ ಕೆಳಗೆ ಮುಳುಗುವ ಡಿಪ್ಸ್ ಈ ಮೂರನ್ನು ಒಮ್ಮೆ ಪೆಟ್ಟು ತಿಂದವರು ಬಿಟ್ಟರೆ ನಷ್ಟವೇನಿಲ್ಲವೆಂಬುದು ನನ್ನ ಅಭಿಪ್ರಾಯ. ಡಿಸೆಂಬರ್–ಜನವರಿಯ ನಮ್ಮ ಚಳಿಯ ಮುಂಜಾವಿನಲ್ಲಿ ಬೈಕ್ ಇಳಿದ ಕೈಯಲ್ಲೇ ಬಾರ್ ಹಿಡಿಯದೆ, ಹತ್ತು ನಿಮಿಷ ಮೈ ಬಿಸಿಮಾಡಿ, ಟ್ಯೂಬಿನ ಒಂದು ಸೆಟ್ ಮುಗಿಸಿ, ಖಾಲಿ ಬಾರ್‌ನಿಂದ ಮೇಲಕ್ಕೆ ಹಂತಹಂತವಾಗಿ ಹೋಗಿ.

ಜಿಮ್‌ನ ಹೊರಗಿನ ಭಾರವನ್ನೂ ಪುಸ್ತಕದಲ್ಲಿ ಬರೆಯಬೇಕು. ನನ್ನ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ, ಎಲ್ಲವನ್ನೂ ಸರಿಯಾಗಿ ಮಾಡಿದರೂ ನೋವು ಬಿಡುತ್ತಿಲ್ಲವೆಂದು ಬಂದ. ವಿಚಾರಿಸಿದರೆ, ಟೊಮೆಟೊ ಕೊಯ್ಲಿನ ದಿನಗಳಲ್ಲಿ ಅವನು ಸಂಜೆ ಜಿಮ್‌ಗೆ ಬರುವ ಮುಂಚೆ ಎಪಿಎಂಸಿಗೆ ಹೋಗುವ ಗಾಡಿಗೆ ನಲವತ್ತು ಬಾಕ್ಸ್ ತುಂಬುತ್ತಿದ್ದ. ಬಾಕ್ಸಿಗೆ 15 ಕೆ.ಜಿ.ಯಂತೆ 600 ಕೆ.ಜಿ., ಅದೂ ಹೆಗಲಿಗಿಂತ ಎತ್ತರಕ್ಕೆ. ಕೊಯ್ಲಿನ ವಾರಗಳಲ್ಲಿ ಜಿಮ್‌ನ ಒತ್ತುವ ವ್ಯಾಯಾಮವನ್ನು ಪೂರ್ತಿ ಕೈಬಿಟ್ಟು, ಬಾಕ್ಸನ್ನು ಎದೆಗೆ ಒತ್ತಿಕೊಂಡು ಎತ್ತಿ, ಗಾಡಿಯ ಮೇಲೆ ನಿಂತ ಇನ್ನೊಬ್ಬನ ಕೈಗೆ ಕೊಡುವಂತೆ ಮಾಡಿದ ಮೇಲೆ ಅವನ ಹೆಗಲು ಸುಧಾರಿಸಿತು.

ಎಣ್ಣೆ, ಮಾತ್ರೆ, ಕಟ್ಟು, ಇಂಜೆಕ್ಷನ್

ನೀಲಗಿರಿ ಎಣ್ಣೆ ತಿಕ್ಕಿಸಿಕೊಂಡರೆ ಹಾಯೆನಿಸುತ್ತದೆ, ತಪ್ಪಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಹೊಟ್ಟೆಯ ಒಳಪದರಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವಾದ್ದರಿಂದ ವೈದ್ಯರು ಹೇಳಿದಷ್ಟು ದಿನ ಮಾತ್ರ ಸೇವಿಸಬೇಕು. ಮಾತ್ರೆ ನುಂಗಿ ಭಾರ ಎತ್ತುವುದಂತೂ ಅಳತೆಗೋಲನ್ನೇ ಮುರಿದು ಅಳೆಯಲು ಹೊರಟಂತೆ. ಗಡಿಯಾಚೆ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಳ್ಳುವುದು ನಮ್ಮ ಕಡೆ ಹಳೆಯ ರೂಢಿ. ಆದರೆ ರಜ್ಜುವಿನ ನೋವಿಗೆ ವಾರಗಟ್ಟಲೆ ಹೆಗಲನ್ನು ಕಟ್ಟಿಡುವುದು ಬಿಗಿತವನ್ನು ತಾನಾಗಿ ಕರೆದಂತೆ. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವಿಳಿಸಿ ವ್ಯಾಯಾಮಕ್ಕೆ ಅವಕಾಶ ಕೊಡಬಹುದು, ಆದರೆ ಪದೇಪದೇ ಚುಚ್ಚಿಸಿಕೊಂಡರೆ ರಜ್ಜು ದುರ್ಬಲವಾಗುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರುತ್ತದೆ.

ನೋವು ಮರುಕಳಿಸಿದಾಗ

ಮರುಕಳಿಸುತ್ತದೆ, ನನಗೆ ಹನ್ನೆರಡು ವಾರಗಳಲ್ಲಿ ಎರಡು ಸಲ ಮರುಕಳಿಸಿತು. ಆಗ ಮೊದಲಿನಿಂದ ಶುರುಮಾಡಬೇಕಿಲ್ಲ. ಪುಸ್ತಕದಲ್ಲಿ ಹಿಂದಿನ ಹತ್ತು ದಿನ ನೋಡಿ ಏನು ಏರಿತ್ತೆಂದು ಹುಡುಕಿ, ಎರಡು ವಾರ ಹಿಂದಿನ ಭಾರಕ್ಕೆ ಇಳಿದು, ಮೂರ್ನಾಲ್ಕು ದಿನ ಚೌಕಟ್ಟಿನ ವ್ಯಾಯಾಮಕ್ಕೆ ಮರಳಿ, ಅಲ್ಲಿಂದ ಮತ್ತೆ ಏರಬೇಕು. ಹನ್ನೆರಡು ವಾರ ಪ್ರಾಮಾಣಿಕವಾಗಿ ಮಾಡಿದ ಮೇಲೂ ರಾತ್ರಿಯ ನಿದ್ದೆ ಕೆಡುತ್ತಿದ್ದರೆ, ಕೈಯ ಬಲ ಕುಂದುತ್ತಿದ್ದರೆ, ಆ ಪುಸ್ತಕವನ್ನೇ ಕೈಯಲ್ಲಿ ಹಿಡಿದು ಮೂಳೆ ತಜ್ಞರ ಬಳಿಗೆ ಹೋಗಿ. ‘ಆಗಾಗ ನೋಯುತ್ತೆ ಡಾಕ್ಟ್ರೇ’ ಎನ್ನುವುದಕ್ಕಿಂತ ಅದು ಅವರಿಗೆ ಹೆಚ್ಚು ಹೇಳುತ್ತದೆ.

ನನ್ನ ಹಳೆಯ ತೂಕಕ್ಕೆ ನಾನು ಮರಳಿದ್ದು ಏಳನೆಯ ತಿಂಗಳಲ್ಲಿ. ಆ ಐದು ಕೆ.ಜಿ.ಯನ್ನು ಸೇರಿಸಲು ಇನ್ನೂ ಎರಡು ತಿಂಗಳು ತೆಗೆದುಕೊಂಡೆ. ತಾರೀಖನ್ನು ಈಗ ನಾನೇ ಬರೆಯುತ್ತೇನೆ, ಸೈಕಲ್ ಟ್ಯೂಬ್ ಮಾತ್ರ ಇನ್ನೂ ಕಿಟಕಿಯ ಸರಳಿನಲ್ಲೇ ಇದೆ.